ಭಾನುವಾರ ಚಿತ್ರಸಂತೆಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ, ಅಂದರೆ ಕಲಾವಿದರು ತಮ್ಮ ಚಿತ್ರಗಳನ್ನು ಬೀದಿಯಲ್ಲೇ ಇಟ್ಟು ಮಾರುವ ಸಂತೆ. ಬರುವವರೆಲ್ಲ ಬೆಳಿಗ್ಗೆ 8ಕ್ಕೆ ನಮ್ಮ ಪಾರ್ಕ್ ಗೇಟ್ ಹತ್ತಿರ ಸೇರೋಣ. ಆ ರಸ್ತೆಯಲ್ಲಿ ಅಂದು ವಾಹನ ಬಿಡುವುದಿಲ್ಲ, ಹಾಗಾಗಿ ಕಾರು ಬೇಡ. ಸಂಪಿಗೆ ರಸ್ತೆ ಸ್ಟೇಷನ್‌ವರೆಗೆ ಮೆಟ್ರೋ, ಅಲ್ಲಿಂದ ಆಟೋ. ಟೋಪಿ, ನೀರು, ಚಿತ್ರ ಸುತ್ತಿ ತರಲು ಒಂದು ಹಳೆಯ ಬೆಡ್‌ಶೀಟ್ ಇರಲಿ. ಪ್ರವೇಶ ಉಚಿತ.

ಮೊದಲ ಸಲ ಬರುವವರಿಗೆ ಒಂದು ಮಾತು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಇದನ್ನು ಶುರು ಮಾಡಿದ್ದು ‘ಮನೆಗೊಂದು ಕಲಾಕೃತಿ’ ಎಂಬ ಆಸೆಯಿಂದ. ಗ್ಯಾಲರಿಯ ಬಾಗಿಲು ದಾಟಲು ಹಿಂಜರಿಯುವವರೂ ಇಲ್ಲಿ ಫುಟ್‌ಪಾತ್ ಮೇಲೆ ಕಲಾವಿದರ ಎದುರೇ ಕೂತು ಮಾತಾಡಬಹುದು. ಮಧ್ಯವರ್ತಿಗಳಿಲ್ಲ, ಕೊಟ್ಟ ಹಣ ನೇರ ಅವರ ಕೈಗೆ. ಮೈಸೂರು ಶೈಲಿಯ ಚಿನ್ನದ ರೇಕಿನ ಚಿತ್ರಗಳಿಂದ ಹಿಡಿದು ಸಣ್ಣ ಪೆನ್ಸಿಲ್ ಸ್ಕೆಚ್‌ವರೆಗೆ ಎಲ್ಲ ಸಿಗುತ್ತದೆ. ದಯವಿಟ್ಟು ತರಕಾರಿಯಂತೆ ಚೌಕಾಸಿ ಮಾಡಬೇಡಿ. ದೂರದ ಊರುಗಳಿಂದ ಚಿತ್ರ ಹೊತ್ತು ಬಂದಿರುತ್ತಾರೆ. ಫೋಟೋ ತೆಗೆಯುವ ಮುಂಚೆ ಅವರನ್ನೊಮ್ಮೆ ಕೇಳಿ.

ಮಕ್ಕಳನ್ನು ಖಂಡಿತ ಕರೆತನ್ನಿ, ಅವರ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಮಧ್ಯಾಹ್ನ ಜನ ಬಹಳ.

ಎಷ್ಟು ಜನ ಬರುತ್ತೀರಿ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಹಿರಿಯರಿಗೆ ಆಟೋ ಹೇಳಿಡಬೇಕಾದರೆ ಅದನ್ನೂ ಬರೆಯಿರಿ.