ಹಸುವಿನ ಬಾಯಿಗೆ ಹೋಗುವ ಮೊದಲೇ ಮೇವು ಪರೀಕ್ಷೆಯಾಗಲಿ: ಗ್ರಾಮ ಪಂಚಾಯಿತಿಗೆ ಹಾಲು ಉತ್ಪಾದಕರ ಮನವಿ

ಇವರಿಗೆ,
ಅಧ್ಯಕ್ಷರು, ಸದಸ್ಯರು ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯಿತಿ ಕಾರ್ಯಾಲಯ, ಕೋಲಾರ ತಾಲ್ಲೂಕು.

ಇವರಿಂದ,
ಪಂಚಾಯಿತಿ ವ್ಯಾಪ್ತಿಯ ಹಾಲು ಉತ್ಪಾದಕರು ಮತ್ತು ಗ್ರಾಮಸ್ಥರು.

ವಿಷಯ: ದನಗಳ ಮೇವು, ನೀರು ಮತ್ತು ಹಾಲಿನಲ್ಲಿ ಕೀಟನಾಶಕ ಉಳಿದಿದೆಯೇ ಎಂದು ಊರಲ್ಲೇ ಬೇಗ ಪತ್ತೆ ಹಚ್ಚುವ ವ್ಯವಸ್ಥೆ ಮಾಡಿಕೊಡುವ ಬಗ್ಗೆ.

ಮಾನ್ಯರೇ,

ಕಳೆದ ಟೊಮೆಟೊ ಸೀಸನ್‌ನಲ್ಲಿ ನಮ್ಮಲ್ಲೊಬ್ಬರ ಮನೆಯ ಸೀಮೆಹಸು ಮಧ್ಯಾಹ್ನದ ಮೇವು ತಿಂದ ಸ್ವಲ್ಪ ಹೊತ್ತಿಗೆ ನಡುಗಲು ಶುರುಮಾಡಿತು. ಬಾಯಲ್ಲಿ ಜೊಲ್ಲು, ನೊರೆ. ಕಣ್ಣಿನ ಪಾಪೆ ಸಣ್ಣ ಗೀಟಿನಷ್ಟಾಗಿತ್ತು. ಪಶುವೈದ್ಯರು ಬಂದು ಇಂಥ ವಿಷಕ್ಕೆ ಮದ್ದಾದ ಅಟ್ರೋಪಿನ್ ಇಂಜೆಕ್ಷನ್ ಕೊಟ್ಟ ಮೇಲೆ ಹಸು ಉಳಿಯಿತು. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಹಿಂದಿನ ಸಂಜೆ ಪಕ್ಕದ ಹೊಲಕ್ಕೆ ಔಷಧಿ ಹೊಡೆದಿದ್ದರು. ಬದುವಿನ ಹುಲ್ಲು ಕೊಯ್ದು ತಂದ ಹೆಂಗಸಿಗೆ ಅದು ತಿಳಿದಿರಲಿಲ್ಲ.

"ಸದ್ಯಕ್ಕೆ ಹಾಲು ಡೇರಿಗೆ ಹಾಕಬೇಡಿ" ಎಂದರು ಡಾಕ್ಟರು. ಆ ಮನೆಯವರು ಐದು ದಿನ, ಎರಡೂ ಹೊತ್ತಿನ ಹಾಲನ್ನು ತಿಪ್ಪೆಗೆ ಸುರಿದರು. ಆರನೇ ದಿನ ಡೇರಿಗೆ ತಂದರು. ಅಲ್ಲಿ ಹಾಲಿನ ಗಟ್ಟಿತನದ ಡಿಗ್ರಿ ನೋಡಿದರು, ಫ್ಯಾಟ್ ನೋಡಿದರು, ಎರಡೂ ಸರಿಯಿತ್ತು. ಆದರೆ ಹಾಲಲ್ಲಿ ವಿಷ ಉಳಿದಿದೆಯೋ ಇಲ್ಲವೋ ಎಂಬುದನ್ನು ಡಿಗ್ರಿ, ಫ್ಯಾಟ್ ಹೇಳುವುದಿಲ್ಲ. ಆ ತಾಯಿ ಕ್ಯಾನು ಕೈಯಲ್ಲಿ ಹಿಡಿದುಕೊಂಡು, "ಇನ್ನು ಹಾಕಬಹುದಾ ಸ್ವಾಮಿ?" ಎಂದು ಕೇಳಿದರು. ಉತ್ತರ ಹೇಳುವವರು ಯಾರೂ ಇರಲಿಲ್ಲ. ಈ ಮನವಿ ಬರೆಯಲು ಕಾರಣ ಆ ಪ್ರಶ್ನೆಯೇ.

ನಮ್ಮ ಸೀಮೆಯಲ್ಲಿ ರೇಷ್ಮೆ, ಟೊಮೆಟೊ, ಹಾಲು ಒಂದೇ ಮನೆಯಲ್ಲಿ ನಡೆಯುತ್ತವೆ. ಔಷಧಿ ಬಿದ್ದ ಸೊಪ್ಪಿನ ಅಪಾಯ ರೇಷ್ಮೆ ಹುಳ ಮೇಯಿಸುವವರಿಗೆ ಚೆನ್ನಾಗಿ ಗೊತ್ತು. ಪಕ್ಕದ ತೋಟದಿಂದ ಔಷಧಿ ಗಾಳಿಗೆ ಬಂತು ಅನ್ನುವ ಅನುಮಾನ ಇದ್ದರೆ ಮೊದಲು ನಾಲ್ಕು ಹುಳಕ್ಕೆ ಸೊಪ್ಪು ಹಾಕಿ ನೋಡುತ್ತೇವೆ. ಅವು ಒದ್ದಾಡಿದರೆ ಆ ಸೊಪ್ಪು ಮುಟ್ಟುವುದಿಲ್ಲ. ಹುಳ ತಕ್ಷಣ ತೋರಿಸಿಬಿಡುತ್ತದೆ. ಹಸು ಹಾಗಲ್ಲ. ಅಷ್ಟಿಷ್ಟು ವಿಷ ತಿಂದರೆ ಏನೂ ತೋರಿಸಿಕೊಳ್ಳದೆ ಹಾಲು ಕೊಡುತ್ತಲೇ ಇರುತ್ತದೆ. ಹುಳಕ್ಕೆ ಸೊಪ್ಪು ಹಾಕುವಾಗ ಇರುವ ಎಚ್ಚರ ಹಸುವಿಗೆ ಮೇವು ಹಾಕುವಾಗ ನಮಗೂ ಇಲ್ಲ, ಒಪ್ಪಿಕೊಳ್ಳುತ್ತೇವೆ.

ಮೇವು ಎಲ್ಲಿಂದ ಬರುತ್ತದೆ ನೋಡಿ. ಬದುವಿನ ಹುಲ್ಲು, ಮುಸುಕಿನ ಜೋಳದ ಹಸಿ ಕಡ್ಡಿ, ಮಾರ್ಕೆಟ್‌ನಲ್ಲಿ ಉಳಿದ ಕೋಸು ಮತ್ತು ಹೂಕೋಸಿನ ಎಲೆ. ನಮ್ಮ ದೇಶದಲ್ಲಿ 2018ರಲ್ಲಿ ಶಿವಮೊಗ್ಗದಲ್ಲಿ ಮೊದಲು ಕಂಡ, ಜೋಳದ ಸುಳಿ ತಿನ್ನುವ ಸೈನಿಕ ಹುಳು ಬಂದ ಮೇಲೆ ಜೋಳದ ಸುಳಿಗೇ ಔಷಧಿ ಬೀಳುತ್ತಿದೆ. ಅದೇ ಜೋಳ ಕೊಟ್ಟಿಗೆಗೂ ಬರುತ್ತದೆ. ಇದರ ಜೊತೆಗೆ ರಕ್ತ ಹೀರುವ ಉಣ್ಣೆಗೆಂದು ಹಸುವಿನ ಮೈಗೆ ಹಚ್ಚುವ ಔಷಧಿ ಬೇರೆ. ಕೆಲವು ಕಡೆ ಔಷಧಿ ಕಲಸಿದ ಬಕೆಟ್ಟಿನಲ್ಲೇ ಕಲಗಚ್ಚು ಇಡುವುದೂ ಉಂಟು.

ಇಂಥದ್ದು ದೊಡ್ಡ ಪ್ರಮಾಣದಲ್ಲಿ ನಡೆದ ಊರೂ ಇದೆ. 1982ರಲ್ಲಿ ಅಮೆರಿಕದ ಹವಾಯಿಯ ಓಹು ದ್ವೀಪದಲ್ಲಿ ಅನಾನಸ್ ತೋಟದ ಎಲೆಗಳನ್ನು ಹಸುಗಳಿಗೆ ಹಾಕುತ್ತಿದ್ದರು. ಗಿಡಕ್ಕೆ ಹೊಡೆದಿದ್ದ ಹೆಪ್ಟಾಕ್ಲೋರ್ ಎಂಬ ಕೀಟನಾಶಕ ಹಾಲಿಗೆ ಬಂತು. ಅಂಗಡಿಗಳಿಂದ ಹಾಲು ವಾಪಸ್ ತರಿಸಬೇಕಾಯಿತು. ಅಷ್ಟರಲ್ಲಿ ಜನ ಬಹಳ ದಿನ ಕುಡಿದಾಗಿತ್ತು. ತೋಟದ ಉಳಿಕೆಯನ್ನು ದನಕ್ಕೆ ಹಾಕುವುದು ನಮ್ಮಲ್ಲೂ ದಿನನಿತ್ಯದ ಮಾತು, ಅಲ್ವಾ?

ನಮ್ಮ ದೇಶದ ಹಾಲಿನ ಬಗ್ಗೆ ಸುಮ್ನೆ ಹೆದರಿಸುವುದು ನಮ್ಮ ಉದ್ದೇಶವಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿತು. ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ಆದರೆ ಬೂಷ್ಟು ಹಿಡಿದ ಮೇವಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ 368 ಮಾದರಿಗಳಲ್ಲಿ ಮಿತಿಗಿಂತ ಜಾಸ್ತಿ ಇತ್ತು. ಅದು ಕೀಟನಾಶಕವಲ್ಲ, ನಿಜ. ಆದರೂ ನಮಗೆ ಒಂದು ವಿಷಯ ಅದರಿಂದ ಅರ್ಥವಾಯಿತು. ಹಾಲಿಗೆ ನೀರು ಬೆರೆಸಿದರೇ ಎಂದು ಎಲ್ಲರೂ ಕಾಯುತ್ತಾರೆ, ಮೇವಿನಿಂದ ಏನು ಬಂತು ಎಂದು ನೋಡುವವರು ಕಡಿಮೆ.

ಈಗ ದೊಡ್ಡ ಪ್ರಯೋಗಾಲಯಕ್ಕೆ ಮಾದರಿ ಕಳಿಸಿದರೆ ಉತ್ತರ ಬರಲು ದಿನಗಳು ಬೇಕು. ಹಾಲು ಅಷ್ಟು ದಿನ ಕಾಯುವ ಪದಾರ್ಥವಲ್ಲ. ಅದಕ್ಕೇ ನಾವು ಕೇಳುತ್ತಿರುವುದು ಕಾರ್ಡಿನ ಪರೀಕ್ಷೆ. ಕಾರ್ಡಿನಲ್ಲಿ ಒಂದು ಬಿಳಿ ಬಿಲ್ಲೆ, ಒಂದು ಕೆಂಪು ಬಿಲ್ಲೆ ಇರುತ್ತವೆ. ಮೇವನ್ನು ಸಣ್ಣಗೆ ಹೆಚ್ಚಿ ನೀರಿನಲ್ಲಿ ಅಲುಗಾಡಿಸಿ, ಆ ನೀರಿನ ಒಂದೆರಡು ಹನಿ ಬಿಳಿ ಬಿಲ್ಲೆಗೆ ಬಿಡಬೇಕು. ಸ್ವಲ್ಪ ಹೊತ್ತು ಬಿಟ್ಟು ಕಾರ್ಡು ಮಡಚಿ ಒತ್ತಿದರೆ ಎರಡು ಬಿಲ್ಲೆ ಸೇರುತ್ತವೆ. ಬಿಳಿ ಬಿಲ್ಲೆ ನೀಲಿಯಾದರೆ ಮೇವು ಪಾಸು. ಬೆಳ್ಳಗೇ ಉಳಿದರೆ ಅನುಮಾನ. ಪಕ್ಕದಲ್ಲಿ ಬರೀ ನೀರು ಬಿಟ್ಟ ಇನ್ನೊಂದು ಕಾರ್ಡು ಇಟ್ಟುಕೊಂಡರೆ ತಪ್ಪು ಆಗುವುದು ಕಡಿಮೆ. ಕಾಲು ಗಂಟೆಯ ಕೆಲಸ. ಹಾಲಿಗೇ ಹೊಂದುವಂಥ ಕಾಗದದ ಪಟ್ಟಿಯನ್ನು ಕರ್ನಾಲ್‌ನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆ ರೂಪಿಸಿದೆ.

ಇದರ ಮಿತಿಯನ್ನೂ ಮುಚ್ಚಿಡದೆ ಹೇಳುತ್ತೇವೆ. ಈ ಕಾರ್ಡು ಹಿಡಿಯುವುದು ಆರ್ಗನೋಫಾಸ್ಫೇಟ್ ಮತ್ತು ಕಾರ್ಬಮೇಟ್ ಜಾತಿಯ ಔಷಧಿಗಳನ್ನು, ಅಂದರೆ ಮೇಲೆ ಹೇಳಿದ ಹಸುವಿಗೆ ಆದಂಥ ತೊಂದರೆ ಕೊಡುವಂಥವನ್ನು. ಉಣ್ಣೆಗೆ ಹಚ್ಚುವ ಪೈರೆಥ್ರಾಯ್ಡ್ ಔಷಧಿಯಾಗಲಿ, ಸೈನಿಕ ಹುಳುವಿಗೆ ಹೊಡೆಯುವ ಎಮಾಮೆಕ್ಟಿನ್ ಆಗಲಿ ಇದರಲ್ಲಿ ಕಾಣುವುದಿಲ್ಲ. ಕಾರ್ಡು ಅನುಮಾನ ತೋರಿಸಿದ್ದನ್ನು ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಖಚಿತ ಮಾಡಿಕೊಳ್ಳಲೇಬೇಕು. ಜೊತೆಗೆ, ಈ ಜಾತಿಯ ಔಷಧಿಗಳು ಹಸುವಿನ ಮೈಯಲ್ಲಿ ಬೇಗ ಕರಗುವುದರಿಂದ ಹಾಲಲ್ಲಿ ಹುಡುಕುವುದಕ್ಕಿಂತ ಮೇವಿನಲ್ಲಿ ಹುಡುಕುವುದು ಜಾಣತನ. ಡಿಡಿಟಿಯಂಥ ಹಳೆಯ ವಿಷಗಳ ಸ್ವಭಾವ ಬೇರೆ. ಅವು ಕೊಬ್ಬಿನಲ್ಲಿ ಕೂತು ಹಾಲಿಗೆ, ಅಲ್ಲಿಂದ ಬೆಣ್ಣೆ ತುಪ್ಪಕ್ಕೆ ಬರುತ್ತವೆ, ಕಾಯಿಸಿದರೂ ಹೋಗುವುದಿಲ್ಲ. ಅವಕ್ಕೆ ಪ್ರಯೋಗಾಲಯವೇ ಬೇಕು.

ಪಶುಪಾಲನೆ ಮತ್ತು ಹೈನುಗಾರಿಕೆ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಸೇರಿದ ವಿಷಯ. ಆದ್ದರಿಂದ ಮೊದಲು ನಿಮ್ಮ ಬಾಗಿಲಿಗೇ ಬಂದಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಚರ್ಚೆಗೆ ತಂದು, ಕಾರ್ಡುಗಳನ್ನು ಕೊಳ್ಳಲು ಈ ವರ್ಷದ ಕ್ರಿಯಾಯೋಜನೆಯಲ್ಲಿ ಹಣ ಇಡಬೇಕು. ಅನುಮಾನ ಬಂದ ಮಾದರಿಯನ್ನು ಬೆಂಗಳೂರಿನ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುವ ಖರ್ಚನ್ನು ಬಡ ಕುಟುಂಬದ ತಲೆಗೆ ಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಭಯದ ಮಾತು. ಎರಡು ಹಸು ಸಾಕಿ, ಹಾಲಿನ ಬಟವಾಡೆಯಲ್ಲೇ ಮಕ್ಕಳ ಫೀಸು ಕಟ್ಟುವ ಮನೆಗಳು ನಮ್ಮಲ್ಲಿ ಜಾಸ್ತಿ. ಪರೀಕ್ಷೆ ಮಾಡಿಸಿದರೆ ಹಾಲು ನಿಂತುಹೋಗುತ್ತದೆ ಎಂದಾದರೆ ಯಾರೂ ಮೇವು ತಂದು ತೋರಿಸುವುದಿಲ್ಲ. ತಾವಾಗಿಯೇ ಪರೀಕ್ಷೆಗೆ ಬಂದವರ ಹೆಸರು ಹೊರಗೆ ಹೋಗಬಾರದು, ದಂಡ ಹಾಕಬಾರದು. ಹಾಲು ಚೆಲ್ಲಬೇಕಾಗಿ ಬಂದರೆ ಆ ದಿನಗಳಿಗೆ ಏನಾದರೂ ಪರಿಹಾರ ಕೊಡಿಸಲು ಹಾಲು ಒಕ್ಕೂಟಕ್ಕೆ ಮತ್ತು ಪಶುಪಾಲನಾ ಇಲಾಖೆಗೆ ನೀವು ಪತ್ರ ಬರೆಯಬೇಕು.

ಖರ್ಚಿಲ್ಲದ ಒಂದು ಕೆಲಸ ನಾಳೆಯೇ ಶುರುವಾಗಬಹುದು. ಔಷಧಿ ಹೊಡೆದ ಹೊಲದ ಮೂಲೆಯಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಬೇಕು, ಡಬ್ಬಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಅದು ಅಲ್ಲೇ ಇರಬೇಕು ಎಂದು ಡಂಗುರ ಹೊಡೆಸಿ. ಸ್ವಂತ ಜಮೀನಿಲ್ಲದೆ ಬೇರೆಯವರ ಬದುವಿನ ಹುಲ್ಲು ನಂಬಿಕೊಂಡ ಹೆಂಗಸರಿಗೆ ಅಷ್ಟು ಗುರುತು ಸಾಕು. ಹಾಗೆಯೇ ಫೋರೇಟ್, ಡೈಕ್ಲೋರ್ವಾಸ್ ಮುಂತಾದವು 2020ರ ಡಿಸೆಂಬರ್ 31ರಿಂದ ನಿಷೇಧವಾಗಿವೆ. ಅಟ್ಟದ ಮೇಲೆ ಉಳಿದಿರುವ ಹಳೇ ಡಬ್ಬಿಗಳನ್ನು ಕೃಷಿ ಇಲಾಖೆಯವರು ಒಂದು ದಿನ ಬಂದು ತೆಗೆದುಕೊಂಡು ಹೋಗಲಿ.

ನಮ್ಮ ಅಂಗನವಾಡಿ, ಶಾಲೆಯ ಮಕ್ಕಳು 2013ರಿಂದ ಕ್ಷೀರಭಾಗ್ಯದ ಹಾಲು ಕುಡಿಯುತ್ತಿದ್ದಾರೆ. ಆ ಹಾಲು ನಮ್ಮಂಥ ಊರುಗಳ ಕೊಟ್ಟಿಗೆಗಳಿಂದಲೇ ಹೋಗುವುದು.

ಕಾರ್ಡು ಬಳಸುವುದನ್ನು ಕಲಿಯಲು ಡೇರಿಯ ಟೆಸ್ಟರ್ ಮತ್ತು ಸ್ತ್ರೀಶಕ್ತಿ ಸಂಘದ ಇಬ್ಬರು ಸದಸ್ಯರು ಮುಂದೆ ಬಂದಿದ್ದಾರೆ. ಡೇರಿ ಪಕ್ಕದ ಖಾಲಿ ಕೋಣೆಗೆ ಕರೆಂಟ್ ಇದೆ, ಮೇಜು ನಾವು ಕೊಡುತ್ತೇವೆ. ಒಂದು ನಲ್ಲಿ ಹಾಕಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಹಾಲು ಉತ್ಪಾದಕರು ಮತ್ತು ಗ್ರಾಮಸ್ಥರು
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆ ಲಗತ್ತಿಸಿದೆ)

ಪ್ರತಿ: ತಾಲ್ಲೂಕು ಪಶುಪಾಲನಾ ಇಲಾಖೆ ಮತ್ತು ಹೋಬಳಿ ರೈತ ಸಂಪರ್ಕ ಕೇಂದ್ರಕ್ಕೆ.