ಎರಡು ಸಾಲು, ಒಂದು ಲೋಟ ಮಜ್ಜಿಗೆ

ಈ ಸಂಚಿಕೆ ನಾಲ್ಕು ದಿನ ತಡವಾಗಿ ನಿಮ್ಮ ಕೈ ಸೇರುತ್ತಿದೆ, ಕ್ಷಮಿಸಿ. ಕುರ್ಚಿಯಲ್ಲಿ ಹತ್ತು ನಿಮಿಷ ಕೂರಲಾಗದೆ, ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ.

ವಿಕ್ಟೋರಿಯಾ ದಿನದ ರಜೆ ಬಂತೆಂದರೆ ಟೊರಾಂಟೊ ಸುತ್ತಮುತ್ತಲಿನ ನಮಗೆಲ್ಲ ಒಂದೇ ಆತುರ. ಮೇ 25ಕ್ಕೆ ಮುಂಚಿನ ಆ ಸೋಮವಾರದ ಹೊತ್ತಿಗೆ ರಾತ್ರಿಯ ಮಂಜು ಸಸಿಗಳನ್ನು ಸುಡುವ ಭಯ ಬಹುಮಟ್ಟಿಗೆ ಕಳೆದಿರುತ್ತದೆ. ಏಪ್ರಿಲ್‌ನಿಂದ ಕಿಟಕಿಯಲ್ಲಿ ಸಾಕಿದ ಹೀರೆ, ಬದನೆ, ಬಸಳೆಯನ್ನು ಮೂರೇ ದಿನಗಳಲ್ಲಿ ನೆಲಕ್ಕಿಳಿಸಬೇಕು. ಶನಿವಾರ ಹಾಸಿಗೆಯಿಂದ ಎದ್ದವಳೇ ಗುದ್ದಲಿ ಹಿಡಿದೆ. ಚಳಿಗಾಲವಿಡೀ ಕಂಪ್ಯೂಟರಿನ ಮುಂದೆ ಕುಳಿತ ಮೈ. ಮಧ್ಯಾಹ್ನ ಕಾರಿನಿಂದ ಮಣ್ಣಿನ ಚೀಲ ಎತ್ತಿ, ಪಾದ ಕದಲಿಸದೆ ಸೊಂಟವನ್ನಷ್ಟೇ ತಿರುಗಿಸಿದೆ. ಅಲ್ಲಿಗೇ ಹಿಡಿದುಕೊಂಡಿತು. ಗೋಡೆ ಹಿಡಿದು ನಿಂತಿದ್ದಾಗ ಮಗಳು ಕೇಳಿದಳು: “ಅಮ್ಮಾ, ಹೀರೇಕಾಯಿ ಅಂಗಡಿಯಲ್ಲೇ ಸಿಗುತ್ತದಲ್ಲವೇ?”

ಸಿಗುತ್ತದೆ. ಅವಳಿಗೆ ಉತ್ತರ ಹೇಳಲಾಗಲಿಲ್ಲ. ನಿಮಗೆ ಹೇಳಬೇಕಾಗಿಲ್ಲ.

ಮಲಗಿದ್ದಾಗ ನೆನಪಾದದ್ದು ತುಮಕೂರು ಕಡೆಯ ನಮ್ಮ ರಾಗಿ ಹೊಲ. ಅಜ್ಜಿ ಕಳೆ ತೆಗೆಯುವಾಗ ಬೆನ್ನು ಬಗ್ಗಿಸಿದ್ದನ್ನು ಕಂಡದ್ದೇ ಕಡಿಮೆ. ಕುಕ್ಕರುಗಾಲಿನಲ್ಲಿ ಕುಳಿತು, ಕೈಗೆಟಕುವಷ್ಟನ್ನು ಮುಗಿಸಿ, ದೂರದ ಹುಲ್ಲಿಗೆ ಕೈ ಚಾಚದೆ ತಾನೇ ಒಂದು ಹೆಜ್ಜೆ ಮುಂದೆ ಸರಿಯುತ್ತಿದ್ದಳು. ಎರಡು ಸಾಲು ಆದೊಡನೆ ಎದ್ದು, ಎರಡೂ ಅಂಗೈಗಳನ್ನು ಸೊಂಟಕ್ಕೊತ್ತಿ, ಹಿಂದಕ್ಕೆ ವಾಲಿ ಆಕಾಶ ನೋಡುತ್ತಿದ್ದಳು. ಮಳೆಯ ಮೋಡ ಹುಡುಕುತ್ತಿದ್ದಾಳೆಂದು ನಾನು ತಿಳಿದಿದ್ದೆ. ಆಮೇಲೆ ಹೊಂಗೆಯ ನೆರಳಿನಲ್ಲಿ ಒಂದು ಲೋಟ ಮಜ್ಜಿಗೆ, ಹಸುವಿಗೆಂದು ಒಂದಿಷ್ಟು ಹುಲ್ಲು ಹೊರೆ ಕಟ್ಟುವುದು, ಮತ್ತೆ ಸಾಲಿಗೆ. ಆದರೂ ಎಪ್ಪತ್ತರ ಹೊತ್ತಿಗೆ ಅವಳ ಬೆನ್ನು ಬಾಗಿತು. ಕೆರೆ ಕೆಳಗಿನ ಬೇರೆಯವರ ಗದ್ದೆಗಳಿಗೆ ನಾಟಿಗೆ ಹೋದಾಗ ಸಾಲಿನ ಲೆಕ್ಕ ಅವಳ ಕೈಯಲ್ಲಿರಲಿಲ್ಲ. ಹೊತ್ತು ಮುಳುಗುವವರೆಗೆ ಬಗ್ಗಿಯೇ ಇರಬೇಕಿತ್ತು.

ನಮ್ಮ ಹಿತ್ತಲಿನಲ್ಲಿ ಲೆಕ್ಕ ನಮ್ಮದೇ. ಮೂರು ದಿನಗಳಲ್ಲಿ ಮುಗಿಸಲೇಬೇಕೆಂದು ನಮಗೆ ಯಾರು ಹೇಳಿದರು?

ಫಿಸಿಯೋಥೆರಪಿಸ್ಟ್ ವಿವರಿಸಿದ್ದು ಅಜ್ಜಿಯ ಕ್ರಮವನ್ನೇ. ರಾತ್ರಿ ಮಲಗಿದಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ. ಆದ್ದರಿಂದ ಎದ್ದ ಮೊದಲ ಗಂಟೆಯಲ್ಲಿ ಬಗ್ಗುವ ಕೆಲಸ ಬೇಡ, ಮೊದಲು ಸ್ವಲ್ಪ ನಡೆದಾಡಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಿಸಿ: ಅಗೆದ ಮೇಲೆ ನೀರು ಹಾಕುವುದು, ಆಮೇಲೆ ಬಳ್ಳಿ ಕಟ್ಟುವುದು. ಚೀಲ ಎತ್ತುವಾಗ ಮೊಣಕಾಲು ಮಡಿಸಿ, ಚೀಲವನ್ನು ಹೊಟ್ಟೆಗೆ ತಾಗಿಸಿಕೊಂಡು, ಪಾದಗಳ ಸಮೇತ ತಿರುಗಿ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ. ಒಂದೇ ಕೈಗೆ ಹೊರಿಸದೆ ಎರಡು ಕೈಗಳಿಗೆ ಐದೈದರಂತೆ ಹಂಚಿ. ಕುಕ್ಕರುಗಾಲು ಆಗದವರು ಮಣೆ ಹಾಕಿ ಕುಳಿತುಕೊಳ್ಳಿ, ಅಥವಾ ಹಳೆಯ ದಿಂಬಿನ ಮೇಲೆ ಒಂದು ಮೊಣಕಾಲೂರಿ. ಹಲಗೆ ಕಟ್ಟಿ ಸೊಂಟದೆತ್ತರಕ್ಕೆ ಪಾತಿ ಮಾಡಿಕೊಂಡರೆ ಹಿರಿಯರಿಗೆ ಅದೇ ದೊಡ್ಡ ಉಪಕಾರ. ನೋವು ಬಂದರೂ ಪೂರಾ ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡುತ್ತಿರಿ. ಕಾಲು ಬಲ ಕಳೆದುಕೊಂಡರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಸೂಚನೆಗಳು, ಜಾಗ ಮುಗಿಯುತ್ತಿದೆ. ಸಸಿ ವಿನಿಮಯ ಜೂನ್ ಮೊದಲ ಭಾನುವಾರ, ನಮ್ಮ ಸಭಾಂಗಣದ ಹಿಂದೆ. ಹೆಚ್ಚಿದ ಮೆಂತ್ಯ, ದಂಟಿನ ಬೀಜವನ್ನೂ ತನ್ನಿ. ಕನ್ನಡ ಶಾಲೆಯ ನೋಂದಣಿ ಜೂನ್ ಕೊನೆಯವರೆಗೆ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಗಮನಿಸಿ. ನಮ್ಮೆಲ್ಲರ ಹಿತ್ತಲಿಗೆ ಬಸಳೆಯ ಕಡ್ಡಿ ಕೊಟ್ಟ ಹಿರಿಯ ದಂಪತಿ ಮಗನಿರುವ ಕ್ಯಾಲ್ಗರಿಗೆ ಹೊರಟಿದ್ದಾರೆ. ಜುಲೈ ಎರಡನೇ ಶನಿವಾರದ ವನಭೋಜನದಲ್ಲೇ ಅವರಿಗೆ ಬೀಳ್ಕೊಡುಗೆ.

ಆ ವನಭೋಜನದ ಬಗ್ಗೆ ಒಂದು ಮಾತು. ಯುಗಾದಿಯ ದಿನ ಊಟ ಮುಗಿದ ಮೇಲೆ ಮೇಜುಗಳನ್ನೆಲ್ಲ ಮಡಿಸಿ ಎತ್ತಿಟ್ಟವರು ನಾಲ್ಕೇ ಜನ. ಅವರಲ್ಲಿ ಇಬ್ಬರಿಗೆ ಅರವತ್ತು ದಾಟಿದೆ. ಈ ಸಲ ನಾನು ಎತ್ತಲಾರೆ. ಒಂದು ಮೇಜಿಗೆ ಇಬ್ಬರಂತೆ ಎಂಟು ಜನರಾದರೂ ಬೇಕು. ಮುಂದಿನ ಸಂಚಿಕೆಯ ಬೆರಳಚ್ಚಿಗೂ ಒಬ್ಬರು ಬೇಕು. ಈ ವಾರದೊಳಗೆ ಹೆಸರು ಕೊಡಿ.