ಶನಿವಾರದ ಬೈಬಲ್ ಪಾಠ: ಮುಳುಗುವವನ ಕೈ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಶನಿವಾರ ಸಂಜೆ 6ಕ್ಕೆ ಬರುವಾಗ ಮತ್ತಾಯ 14:22ರಿಂದ 33 ಓದಿಕೊಂಡು ಬನ್ನಿ. ಯೇಸುಸ್ವಾಮಿಯ ಶಿಷ್ಯ ಪೇತ್ರ ಗಲಿಲಾಯದ ಬೆಸ್ತ, ನೀರು ಅವನಿಗೆ ಹೊಸದಲ್ಲ. ಆದರೂ ಯೇಸುಸ್ವಾಮಿಯ ಕಡೆಗೆ ನೀರಿನ ಮೇಲೆ ನಡೆದು ಹೋಗುವಾಗ ಗಾಳಿ ನೋಡಿ ಹೆದರಿ ಮುಳುಗತೊಡಗಿದ, ಕಾಪಾಡು ಅಂತ ಕೂಗಿದ. ಯೇಸುಸ್ವಾಮಿ ತಕ್ಷಣ ಕೈಚಾಚಿ ಹಿಡಿದರು. ಅಲ್ಪವಿಶ್ವಾಸಿ ಅಂತ ಗದರಿದ್ದು ಆಮೇಲೆ!

ನಮ್ಮ ಕೋಲಾರದ ಕಡೆಯ ಕೃಷಿ ಹೊಂಡ ನೆನೆಸಿಕೊಳ್ಳಿ. ಪ್ಲಾಸ್ಟಿಕ್ ಹಾಳೆ, ಮೇಲೆ ಪಾಚಿ. ಕಾಲಿಟ್ಟಷ್ಟೂ ಜಾರುತ್ತೆ. ಈಜು ಬಂದವರಿಗೂ ಹತ್ತೋದು ಕಷ್ಟ, ದಡದಿಂದ ಯಾರಾದರೂ ಹಗ್ಗ ಎಸೀಬೇಕು. ರಕ್ಷಣೆ ಅಂದಾಗ ನನಗೆ ಕಾಣೋದು ಆ ಹಗ್ಗವೇ. ಕೀರ್ತನೆ 18:16ರಲ್ಲೂ ದೇವರು ಮೇಲಿನಿಂದ ಕೈಚಾಚಿ ನೀರಿನಿಂದ ಎಳೆದುಕೊಳ್ಳುವ ಮಾತಿದೆ, ಅದನ್ನೂ ನೋಡಿ.

ಅಂದಹಾಗೆ, ಹೊಂಡ ಇರುವ ಮನೆಯವರು ಸುತ್ತ ಬೇಲಿ ಹಾಕಿ, ಗೂಟಕ್ಕೊಂದು ಹಗ್ಗ ಕಟ್ಟಿಡಿ. ಮಕ್ಕಳಿಗೆ ರಜೆ ಇದೆ.